ಸ್ವೆಟರ್ ಚೆನ್ನಾಗಿದೆ, ಫೋಟೋ ಯಾಕೆ ಹಾಗಿಲ್ಲ? ಕೈಹೆಣಿಗೆಯ ಫೋಟೋದಲ್ಲಿ ದೋಷ ಹುಡುಕುವ ಬಗೆ

ಎರಡು ವರ್ಷದ ಹಿಂದೆ ನಾನು ಹೆಣೆದ ಒಂದು ಕಾರ್ಡಿಗನ್ ವಾಪಸ್ ಬಂತು. ಹೆಣಿಗೆಯಲ್ಲಿ ತಪ್ಪಿರಲಿಲ್ಲ, ಅಳತೆಯೂ ಸರಿ ಇತ್ತು. ತರಿಸಿಕೊಂಡವರು ಫೋನ್ ಮಾಡಿ, "ಫೋಟೋದಲ್ಲಿ ಕುಂಕುಮದ ಕೆಂಪು ಇತ್ತಲ್ಲ ಮೇಡಂ, ಇದು ಬೇರೆ ಬಣ್ಣ ಅಲ್ವಾ?" ಅಂದರು. ಅವರ ಮಾತು ನಿಜ. ಉಲ್ಲನ್ ಮಾಗಿದ ಪುನರ್ಪುಳಿ ಹಣ್ಣಿನ ಬಣ್ಣದ್ದು. ನನ್ನ ಫೋನು ಅದನ್ನು ಕುಂಕುಮ ಮಾಡಿ ತೋರಿಸಿತ್ತು. ಒಂದು ತಿಂಗಳ ಸಂಜೆಗಳನ್ನು ಕೊಟ್ಟು ಹೆಣೆದದ್ದು ಒಂದು ಫೋಟೋದಿಂದ ಹಿಂದಕ್ಕೆ ಬಂದಾಗ ತುಂಬಾ ಸಂಕಟವಾಯಿತು.

ಒಳ್ಳೆ ಕ್ಯಾಮೆರಾ ಕೊಂಡರೆ ಸರಿಹೋಗುತ್ತದೆ ಅಂತ ಹಲವರು ಹೇಳಿದರು. ಕೊಳ್ಳುವ ಮೊದಲು ನನ್ನ ಕೆಟ್ಟ ಫೋಟೋಗಳನ್ನೆಲ್ಲ ಒಂದು ಕಡೆ ಹಾಕಿ, ಒಂದೊಂದೂ ಯಾಕೆ ಕೆಟ್ಟಿತು ಅಂತ ಹುಡುಕಲು ಕೂತೆ. ಫೋನಿನದೇ ತಪ್ಪು ಅನ್ನುವಂಥವು ಬಹಳ ಕಡಿಮೆ ಸಿಕ್ಕವು. ಉಳಿದದ್ದೆಲ್ಲ ಬೆಳಕಿನದ್ದು, ಜಾಗದ್ದು, ಇಲ್ಲಾ ಬಟ್ಟೆಯದ್ದೇ. ಆ ಹುಡುಕಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಳ್ಳುವವರು ಹೆಣಿಗೆಯನ್ನು ಮುಟ್ಟಿ ನೋಡಲಾಗುವುದಿಲ್ಲ. ಬೆರಳಿಗೆ ತಿಳಿಯಬೇಕಾದ್ದನ್ನು ಫೋಟೋ ಕಣ್ಣಿಗೆ ತಿಳಿಸಬೇಕು.

ಮೊದಲು ಒಂದು ತುಣುಕು ಹೆಣೆದಿಟ್ಟುಕೊಳ್ಳಿ

ಅಂಗೈ ಅಗಲದ ಒಂದು ತುಣುಕು ಸಾಕು. ಅದರಲ್ಲಿ ಮೂರು ಪಟ್ಟಿ ಇರಲಿ: ಬಿಳಿ, ಬೂದು, ಕಪ್ಪು. ಪ್ರತಿ ಪಟ್ಟಿಯಲ್ಲೂ ಅರ್ಧ ಸೀದಾ (ತೆನೆಯ ಸಾಲಿನ ಹಾಗೆ ಕಾಣುವುದು), ಅರ್ಧ ಉಲ್ಟಾ (ಸಣ್ಣ ಉಬ್ಬುಗಳಾಗಿ ಕಾಣುವುದು) ಹೆಣೆಯಿರಿ. ನನ್ನದು ಉಳಿದ ಉಲ್ಲನ್ನಿನಲ್ಲಿ ಒಂದು ಗಂಟೆಯಲ್ಲಿ ಮುಗಿಯಿತು.

ಫೋಟೋ ಸರಿ ಬರುತ್ತಿಲ್ಲ ಅನ್ನಿಸಿದ ಕೂಡಲೇ ಸ್ವೆಟರ್ ತೆಗೆದು ಅದೇ ಜಾಗದಲ್ಲಿ ಈ ತುಣುಕು ಇಟ್ಟು ಒಂದು ಫೋಟೋ ತೆಗೆಯಿರಿ. ಬೂದು ಪಟ್ಟಿ ಹಳದಿಗೋ ನೀಲಿಗೋ ತಿರುಗಿದ್ದರೆ ತೊಂದರೆ ಬೆಳಕಿನದ್ದು. ಸೀದಾ ಯಾವುದು ಉಲ್ಟಾ ಯಾವುದು ಅಂತ ಗೊತ್ತಾಗದಿದ್ದರೆ ಬೆಳಕು ಬರುವ ದಿಕ್ಕು ಸರಿಯಿಲ್ಲ. ತುಣುಕು ಚೆನ್ನಾಗಿ ಬಂದು ಸ್ವೆಟರ್ ಮಾತ್ರ ಕೆಟ್ಟು ಬಂದರೆ ಆ ಸ್ವೆಟರಿನ ಬಣ್ಣ, ಆಕಾರ, ಇಸ್ತ್ರಿ ನೋಡಬೇಕು.

ಇನ್ನೊಂದು ನಿಯಮವನ್ನು ಬಿಡದೆ ಪಾಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಕಿಟಕಿಯನ್ನೂ ಸೆಟ್ಟಿಂಗನ್ನೂ ಒಟ್ಟಿಗೆ ಬದಲಿಸಿದರೆ, ಫೋಟೋ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ನಾಳೆ ಮತ್ತೆ ಅದೇ ಗೋಳು.

"ಬಣ್ಣ ಬೇರೆ ಬರ್ತಿದೆ"

ಜಾಸ್ತಿ ಬರುವ ದೂರು ಇದೇ, ಕಾರಣಗಳೂ ಇದಕ್ಕೇ ಜಾಸ್ತಿ. ಸುಲಭದ್ದರಿಂದ ಶುರುಮಾಡಿ.

ಮೊದಲು ನೀವು ನೋಡುತ್ತಿರುವ ಪರದೆ ಸರಿ ಇದೆಯಾ ನೋಡಿ. ಕಣ್ಣಿಗೆ ಹಿತವಾಗಲಿ ಅಂತ ಸಂಜೆ ಆದ ಮೇಲೆ ಪರದೆಯನ್ನು ಹಳದಿ ಮಾಡುವ ಸೌಲಭ್ಯ ಈಗ ಹೆಚ್ಚಿನ ಫೋನುಗಳಲ್ಲಿ ಇದೆ. ಅದು ಚಾಲೂ ಇದ್ದರೆ ಸರಿಯಾದ ಫೋಟೋ ಕೂಡ ತಪ್ಪಾಗಿ ಕಾಣುತ್ತದೆ. ಆಫ್ ಮಾಡಿ. ಅದೇ ಫೋಟೋವನ್ನು ಮನೆಯ ಇನ್ನೊಂದು ಫೋನಿನಲ್ಲೂ ತೆರೆದು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಪರದೆ ಸರಿ ಇದ್ದರೆ ಕೋಣೆಯ ದೀಪಗಳನ್ನೆಲ್ಲ ಆರಿಸಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್. ನಮ್ಮ ಮನೆಗಳ ಬಿಳಿ ಎಲ್ಇಡಿ ಟ್ಯೂಬ್ ಸಾಮಾನ್ಯವಾಗಿ 6500, ಹಳದಿ ಬಲ್ಬು 2700ರಿಂದ 3000. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ, ಜಾಸ್ತಿಯಾದಷ್ಟೂ ನೀಲಿ. ನಮ್ಮ ಕಣ್ಣು ಇದಕ್ಕೆಲ್ಲ ತಾನಾಗೇ ಹೊಂದಿಕೊಳ್ಳುತ್ತದೆ. ಫೋನು ಕೂಡ ಒಂದು ಬೆಳಕಿಗೆ ಹೊಂದಿಕೊಂಡೀತು, ಆದರೆ ಒಂದು ಕಡೆಯಿಂದ ಕಿಟಕಿ, ಮೇಲಿಂದ ಹಳದಿ ಬಲ್ಬು ಇದ್ದರೆ ಯಾವುದಕ್ಕೂ ಸರಿಯಾಗಿ ಹೊಂದಲಾರದು. ಒಂದು ತೋಳು ನೀಲಿ, ಇನ್ನೊಂದು ತೋಳು ಹಳದಿ ಬಂದಿದ್ದರೆ ಇದೇ ಕಾರಣ.

ದೀಪ ಆರಿಸಿದ ಮೇಲೂ ಬಣ್ಣ ಸರಿಬರಲಿಲ್ಲವೇ? ಸುತ್ತ ಏನಿದೆ ನೋಡಿ. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ. ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಕಿಟಕಿಯ ಬೆಳಕು ಆ ನೆಲಕ್ಕೆ ಬಡಿದು, ಕೆಂಪಾಗಿ ಮೇಲೆದ್ದು ಬಟ್ಟೆಗೆ ತಾಗುತ್ತಿತ್ತು. ಬಿಳಿ ಕುಲಾವಿ ಹೆಣೆದು ಫೋಟೋ ತೆಗೆದರೆ ಗದ್ದದ ಕೆಳಗೆ ಕಟ್ಟುವ ದಾರದ ಹತ್ತಿರ ತಿಳಿ ಗುಲಾಬಿ ಬರುತ್ತಿತ್ತು. ತಿಂಗಳುಗಟ್ಟಲೆ ನನಗಿದು ಹೊಳೆಯಲೇ ಇಲ್ಲ. ನೆಲದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿದೆ, ಗುಲಾಬಿ ಹೋಯಿತು. ಹಸಿರು ಗೋಡೆ ಇದ್ದರೂ ಹೀಗೇ. ಮಾವಿನ ಮರದ ಕೆಳಗೆ ನಿಲ್ಲಿಸಿ ತೆಗೆದರೆ ಮುಖಕ್ಕೂ ಸ್ವೆಟರಿಗೂ ಹಸಿರು ಬರುತ್ತದೆ.

ಇನ್ನು ಕೆಂಪಿನದೇ ಒಂದು ಕಾಯಿಲೆ ಇದೆ. ಕ್ಯಾಮೆರಾ ಒಳಗೆ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಗಾಢ ಕೆಂಪು ಬಟ್ಟೆ ಇಟ್ಟಾಗ ಕೆಂಪಿನ ಅಳತೆ ತುಂಬಿಹೋಗುತ್ತದೆ. ಹಾಲು ಉಕ್ಕಿದ ಮೇಲೆ ಪಾತ್ರೆಯಲ್ಲಿ ಎಷ್ಟಿತ್ತು ಅಂತ ಹೇಳಲಾಗುತ್ತದೆಯೇ? ಹಾಗೇ, ತುಂಬಿದ ಮೇಲೆ ಕುಣಿಕೆಗಳ ನಡುವಿನ ನೆರಳು, ಬಣ್ಣದ ಸಣ್ಣ ವ್ಯತ್ಯಾಸ ಎಲ್ಲ ಹೋಗಿ ಬರೀ ಕೆಂಪು ಮುದ್ದೆ ಉಳಿಯುತ್ತದೆ. ಫೋನಿನ ಪರದೆಯಲ್ಲಿ ಬಟ್ಟೆಯ ಮೇಲೆ ಒತ್ತಿದರೆ ಪಕ್ಕದಲ್ಲಿ ಒಂದು ಸಣ್ಣ ಸೂರ್ಯನ ಚಿತ್ರ ಬರುತ್ತದಲ್ಲ, ಅದನ್ನು ಕೆಳಗೆ ಎಳೆಯಿರಿ. ಫೋಟೋ ಸ್ವಲ್ಪ ಕಪ್ಪಾದ ಹಾಗೆ ಕಾಣುತ್ತದೆ, ಆದರೆ ಕೆಂಪಿನೊಳಗಿನ ಹೆಣಿಗೆ ಮತ್ತೆ ಮೂಡುತ್ತದೆ. ಆಮೇಲೆ ಬೇಕಾದರೆ ಎಡಿಟಿಂಗಿನಲ್ಲಿ ತುಸು ಬೆಳಗಿಸಿ.

ನನ್ನ ಆ ಕಾರ್ಡಿಗನ್ನಿಗೆ ಇವೆರಡೂ ಸೇರಿದ್ದವು. ಕೆಳಗಿಂದ ನೆಲದ ಕೆಂಪು, ಮೇಲಿಂದ ಜಾಸ್ತಿ ಬೆಳಕು. ಬಿಳಿ ಬೆಡ್‌ಶೀಟ್ ಹಾಸಿ, ಸೂರ್ಯನನ್ನು ಕೆಳಗೆಳೆದು ಮತ್ತೆ ತೆಗೆದಾಗ ಪುನರ್ಪುಳಿಯ ಬಣ್ಣ ಬಂತು.

ಇಷ್ಟೆಲ್ಲ ಮಾಡಿಯೂ ಸರಿಯಾಗದಿದ್ದರೆ ಮಾತ್ರ ವೈಟ್ ಬ್ಯಾಲೆನ್ಸ್, ಅಂದರೆ ಫೋಟೋದ ಹಳದಿ-ನೀಲಿ ಹೊಂದಿಸುವ ಸೆಟ್ಟಿಂಗ್ ಮುಟ್ಟಿ. ಹಲವು ಫೋನುಗಳ ಪ್ರೊ ಮೋಡಿನಲ್ಲಿ ಸಿಗುತ್ತದೆ. ತುಣುಕಿನ ಬೂದು ಪಟ್ಟಿ ಬೂದಾಗಿ ಕಾಣುವ ತನಕ ಹೊಂದಿಸಿ, ಅಲ್ಲೇ ಬಿಟ್ಟು ಸ್ವೆಟರ್ ಇಡಿ. ಬಿಳಿ ಪ್ರಿಂಟರ್ ಹಾಳೆ ಇಟ್ಟು ಹೊಂದಿಸಲು ಹೋಗಬೇಡಿ. ಬೆಳ್ಳಗೆ ಕಾಣಲಿ ಅಂತ ಆ ಹಾಳೆಗೆ ಹಾಕಿರುವ ರಾಸಾಯನಿಕ ಹಗಲು ಬೆಳಕಿನಲ್ಲಿ ನೀಲಿ ಹೊಡೆಯುತ್ತದೆ.

ಕೊನೆಗೂ ಪೂರ್ತಿ ಸರಿಬಾರದ ಬಣ್ಣಗಳಿವೆ, ನೇರಳೆ ಅದರಲ್ಲಿ ಮುಖ್ಯ. ಆಗ ಫೋಟೋ ಜೊತೆ ಮಾತಿನಲ್ಲಿ ಬರೆಯಿರಿ. "ಬದನೆಕಾಯಿ ಬಣ್ಣ", "ಹುರಿದ ಕಾಫಿ ಬೀಜದ ಬಣ್ಣ" ಅಂದರೆ ಯಾರಿಗಾದರೂ ತಿಳಿಯುತ್ತದೆ.

"ಹೆಣಿಗೆ ಕಾಣ್ತಾನೇ ಇಲ್ಲ"

ನನಗೆ ಎಲ್ಲಕ್ಕಿಂತ ಬೇಸರ ತರುವ ದೋಷ ಇದು. ಜಡೆ ಡಿಸೈನ್ ಹಾಕಿ, ಕುಣಿಕೆಗಳನ್ನು ದಾಟಿಸಿ ದಾಟಿಸಿ ಹೆಣೆದಿರುತ್ತೇವೆ. ಫೋಟೋದಲ್ಲಿ ಮಿಲ್ಲಿನಲ್ಲಿ ಮಾಡಿದ ಬಟ್ಟೆಯ ಹಾಗೆ ಸಪಾಟು.

ಒಂದು ಪರೀಕ್ಷೆ ಹೇಳುತ್ತೇನೆ, ದಯವಿಟ್ಟು ಮಾಡಿ ನೋಡಿ. ರಾತ್ರಿ ದೀಪ ಆರಿಸಿ ತುಣುಕನ್ನು ಮೇಜಿನ ಮೇಲಿಡಿ. ಟಾರ್ಚ್ ಹಿಡಿದು ನೇರ ಮೇಲಿಂದ ಬೆಳಕು ಬಿಡಿ. ಏನೂ ವಿಶೇಷ ಕಾಣುವುದಿಲ್ಲ. ಈಗ ಟಾರ್ಚನ್ನು ನಿಧಾನವಾಗಿ ಪಕ್ಕಕ್ಕೆ ಇಳಿಸುತ್ತಾ ಬನ್ನಿ. ಮೇಜಿನ ಮಟ್ಟಕ್ಕೆ ಹತ್ತಿರ ಬಂದ ಹಾಗೆ ಒಂದೊಂದು ಕುಣಿಕೆಯ ಹಿಂದೆಯೂ ಅಕ್ಕಿಕಾಳಿನಷ್ಟು ನೆರಳು ಹುಟ್ಟುತ್ತದೆ. ಸೀದಾ ಕಡೆಯ ಕುಣಿಕೆಗಳು ಗೋಧಿ ತೆನೆಯ ಹಾಗೆ ಸಾಲಾಗಿ ಎದ್ದು ನಿಲ್ಲುತ್ತವೆ, ಉಲ್ಟಾ ಕಡೆ ಸಣ್ಣ ಉಬ್ಬುಗಳು ಕಾಣುತ್ತವೆ. ಇನ್ನೂ ಕೆಳಗಿಳಿಸಿದರೆ ನೆರಳು ಉದ್ದವಾಗಿ ಒರಟಾಗುತ್ತದೆ, ಉಲ್ಲನ್ನಿನ ಒಂದೊಂದು ರೋಮವೂ ಕಂಡು ಹೊಸ ಸ್ವೆಟರೂ ಹಳತಾದ ಹಾಗೆ ಕಾಣುತ್ತದೆ. ಇವೆರಡರ ನಡುವೆ ಒಂದು ಕೋನ ಇದೆ. ನನ್ನ ಅನುಭವದಲ್ಲಿ ಮೇಜಿನಿಂದ ಸುಮಾರು 30 ಡಿಗ್ರಿ. ನಿಮ್ಮ ಕಣ್ಣಿಗೆ ಯಾವುದು ಹಿತವೋ ಅದನ್ನು ಗುರುತಿಟ್ಟುಕೊಳ್ಳಿ.

ಫೋನಿನ ಫ್ಲ್ಯಾಶ್ ಯಾಕೆ ಬೇಡ ಅನ್ನುವುದು ಈ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ನೆರಳೆಲ್ಲ ಬಟ್ಟೆಯ ಹಿಂದೆ ಅಡಗಿಹೋಗುತ್ತದೆ. ಬಯಲಿನಲ್ಲಿ ಮೋಡದ ದಿನವೂ ಹಾಗೇ, ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ. ಅಂಥ ದಿನ ಜಗಲಿಗೆ ಬನ್ನಿ. ಮೇಲೆ ಸೂರು, ಹಿಂದೆ ಗೋಡೆ, ಒಂದೇ ಕಡೆಯಿಂದ ಬೆಳಕು. ಮಳೆಗಾಲದಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಮನೆಯೊಳಗೆ ಕಿಟಕಿ ನಿಮ್ಮ ಬೆನ್ನಿಗೂ ಇರಬಾರದು, ಎದುರಿಗೂ ಇರಬಾರದು, ಪಕ್ಕಕ್ಕೆ ಇರಬೇಕು. ನೇರ ಬಿಸಿಲು ಬೀಳುತ್ತಿದ್ದರೆ ಒಗೆದ ಬಿಳಿ ಹತ್ತಿ ಪಂಚೆಯನ್ನು ಒಂದೇ ಪದರವಾಗಿ ಕಿಟಕಿಗೆ ಕಟ್ಟಿ. ಬೆಳಕು ಮೆತ್ತಗಾಗುತ್ತದೆ, ಕಿಟಕಿ ಸರಳಿನ ನೆರಳೂ ಹೋಗುತ್ತದೆ. ಬಣ್ಣದ ಅಂಚಿದ್ದರೆ ಅದನ್ನು ಮಡಿಚಿ ಹಿಂದಕ್ಕೆ ಹಾಕಿ. ಕಿಟಕಿಯಿಂದ ದೂರದ ಬದಿಯ ತೋಳು ತೀರಾ ಕಪ್ಪಾದರೆ ಆ ಕಡೆ ಒಂದು ಥರ್ಮೋಕೋಲ್ ಹಾಳೆ ನಿಲ್ಲಿಸಿ. ತೀರಾ ಹತ್ತಿರ ಇಡಬೇಡಿ. ಇಟ್ಟರೆ ಕಷ್ಟಪಟ್ಟು ತಂದ ನೆರಳೆಲ್ಲ ಅಳಿಸಿಹೋಗುತ್ತದೆ.

ಉತ್ತರದ ಕಿಟಕಿಗೆ ಬಿಸಿಲು ಬೀಳುವುದಿಲ್ಲ, ಅದೇ ಫೋಟೋಗೆ ಒಳ್ಳೆಯದು ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನಾನೂ ನಂಬಿ ಉತ್ತರದ ಕೋಣೆಗೆ ಎಲ್ಲ ಸಾಗಿಸಿದೆ. ಮೇ ತಿಂಗಳಲ್ಲಿ ನೋಡಿದರೆ ಬೆಳಿಗ್ಗೆ ಬಿಸಿಲು ಓರೆಯಾಗಿ ಒಳಗೇ ಬಂತು. ಆ ಸಲಹೆ ನಮಗಿಂತ ಬಹಳ ಉತ್ತರದಲ್ಲಿರುವ ದೇಶಗಳದ್ದು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24-25ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅನ್ನುತ್ತಾರಲ್ಲ, ಅದು. ಆಗಸ್ಟ್ 18ರ ಸುಮಾರಿಗೆ ಮತ್ತೆ ಹಾಗೇ ಆಗುತ್ತದೆ. ಈ ಎರಡರ ನಡುವೆ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಹಾಗಾಗಿ ಆ ತಿಂಗಳುಗಳಲ್ಲಿ ನನಗೆ ದಕ್ಷಿಣದ ಕಿಟಕಿಯೇ ಅನುಕೂಲ, ಉಳಿದ ತಿಂಗಳು ಉತ್ತರದ್ದು. ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಫೋಟೋಗಳು ಕೆಡಲು ಶುರುವಾದರೆ ಇದನ್ನು ನೆನಪಿಸಿಕೊಳ್ಳಿ.

ಬಿಳಿ ಮತ್ತು ಕಪ್ಪು ಉಲ್ಲನ್ನಿನಲ್ಲಿ ಹೆಣಿಗೆ ಮಾಯವಾಗಲು ಇನ್ನೊಂದು ಕಾರಣವೂ ಇದೆ. ಚೌಕಟ್ಟಿನೊಳಗೆ ಇರುವುದನ್ನೆಲ್ಲ ಸೇರಿಸಿ ನಡುಮಟ್ಟದ ಬೂದು ಮಾಡಲು ಕ್ಯಾಮೆರಾ ನೋಡುತ್ತದೆ. ಚೌಕಟ್ಟಿನ ತುಂಬಾ ಬಿಳಿ ಶಾಲು ಇದ್ದರೆ ಅದನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಆಗ ಎಕ್ಸ್‌ಪೋಷರನ್ನು (ಆ ಸೂರ್ಯನ ಚಿತ್ರದಿಂದ ಏರಿಳಿಸುವ ಬೆಳಕಿನ ಮಟ್ಟ) 0.7ರಿಂದ 1ರಷ್ಟು ಏರಿಸಬೇಕು. ಪೂರ್ತಿ ಕಪ್ಪು ಸ್ವೆಟರ್ ಇದ್ದರೆ ಅಷ್ಟೇ ಇಳಿಸಬೇಕು.

ಇದನ್ನು ಬಾಯಿಪಾಠ ಮಾಡಿಕೊಂಡು ನಾನು ಒಮ್ಮೆ ಮೋಸಹೋದೆ. ಚಳ್ಳಕೆರೆ ಕಡೆಯ ಕರಿ ಕಂಬಳಿ ಒಂದು ನಮ್ಮ ಮನೆಯಲ್ಲಿದೆ. ಬಣ್ಣ ಹಾಕದ ಕುರಿ ಉಣ್ಣೆಯದು, ನೋಡಲು ಬಹಳ ಗಂಭೀರ. ಅದರ ಮೇಲೆ ಮಗುವಿನ ಬಿಳಿ ಸ್ವೆಟರ್ ಇಟ್ಟು, ಬಿಳಿ ಅಲ್ವಾ ಅಂತ ಎಕ್ಸ್‌ಪೋಷರ್ ಏರಿಸಿದೆ. ಸ್ವೆಟರ್ ಸುಣ್ಣದ ಮುದ್ದೆಯಾಯಿತು. ಚೌಕಟ್ಟಿನಲ್ಲಿ ಮುಕ್ಕಾಲು ಪಾಲು ಕರಿ ಕಂಬಳಿ. ಕ್ಯಾಮೆರಾ ಮೊದಲೇ ಆ ಕಪ್ಪನ್ನು ಬೆಳಗಿಸಲು ಹೋಗಿ ಬಿಳಿಯನ್ನು ಸುಟ್ಟಿತ್ತು, ನಾನು ಅದರ ಮೇಲೆ ಇನ್ನಷ್ಟು ಸುರಿದೆ. ಸ್ವೆಟರ್ ಬಿಳಿಯೋ ಕಪ್ಪೋ ಅಂತ ನೋಡುವುದಷ್ಟೇ ಸಾಲದು, ಚೌಕಟ್ಟಿನಲ್ಲಿ ಯಾವುದು ಹೆಚ್ಚು ಜಾಗ ಹಿಡಿದಿದೆ ಅಂತಲೂ ನೋಡಬೇಕು. ಇಳಿಸಿ ತೆಗೆದಾಗ ಕಂಬಳಿಯ ಒರಟೂ ಸ್ವೆಟರಿನ ಮೆತ್ತಗೂ ಎರಡೂ ಬಂದವು. ಆ ಫೋಟೋ ನನಗೆ ಈಗಲೂ ಇಷ್ಟ.

"ಮಸುಕಾಗಿದೆ"

ಮಸುಕಿನಲ್ಲಿ ಮೂರು ಬಗೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಬೆಳಕಿರುವ ಜಾಗಗಳ ಸುತ್ತ ಮಂಜು ಕವಿದ ಹಾಗಿದ್ದರೆ ಲೆನ್ಸ್ ಕೊಳಕಾಗಿದೆ. ತಲೆಗೆ ಎಣ್ಣೆ ಹಚ್ಚಿದ ಕೈ, ಒಗ್ಗರಣೆ ಹಾಕಿದ ಕೈ, ಅದೇ ಕೈಯಲ್ಲಿ ಫೋನು. ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ಶಟರ್ (ಕ್ಯಾಮೆರಾ ಬೆಳಕನ್ನು ಒಳಗೆ ಬಿಡುವ ಹೊತ್ತು) 1/100 ಸೆಕೆಂಡಿಗಿಂತ ನಿಧಾನವಾಗದಂತೆ ನೋಡಿಕೊಳ್ಳಿ. ಅಷ್ಟು ಬೆಳಕಿಲ್ಲದಿದ್ದರೆ ಫೋನನ್ನು ಸ್ಟ್ಯಾಂಡಿಗೆ ಹಾಕಿ, 2 ಸೆಕೆಂಡ್ ಟೈಮರ್ ಇಟ್ಟು ತೆಗೆಯಿರಿ. ಒಂದು ಕಡೆ ಚೂಪಾಗಿದ್ದು ಬೇಕಾದ ಕಡೆ ಮಸುಕಿದ್ದರೆ ಫೋಕಸ್ ತಪ್ಪಿದೆ. ಕುಣಿಕೆ ಚೆನ್ನಾಗಿ ಕಾಣಲಿ ಅಂತ ತೀರಾ ಹತ್ತಿರ ಹೋಗುತ್ತೇವೆ, ಆದರೆ ಸುಮಾರು 10 ಸೆಂ.ಮೀ.ಗಿಂತ ಹತ್ತಿರದಲ್ಲಿ ಹಲವು ಫೋನ್‌ಗಳ ಮುಖ್ಯ ಲೆನ್ಸಿಗೆ ಫೋಕಸ್ ಸಿಗುವುದಿಲ್ಲ. ಒಂದು ಗೇಣು ಹಿಂದೆ ಸರಿದು 2ಎಕ್ಸ್ ಹಾಕಿ.

ಮೊಹೇರ್‌ನಂಥ ರೋಮ ಇರುವ ದಾರದಲ್ಲಿ ಅಂಚುಗಳು ಕತ್ತರಿಸಿದ ಹಾಗೆ ಬಂದರೆ ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಆಫ್ ಮಾಡಿ. ಹಿನ್ನೆಲೆ ಯಾವುದು, ರೋಮ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ.

"ಪಟ್ಟಿ ಪಟ್ಟಿ ಬರ್ತಿದೆ"

ಅಡ್ಡಕ್ಕೆ ಅಗಲವಾದ ಕಪ್ಪು ಪಟ್ಟಿಗಳಿದ್ದರೆ ಅದು ಎಲ್ಇಡಿ ದೀಪದ ಮಿನುಗು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಶಟರ್ 1/100ಕ್ಕೆ, ಫೋನು ಸ್ಟ್ಯಾಂಡಿನಲ್ಲಿದ್ದರೆ 1/50ಕ್ಕೆ ಇಡಿ, ಇಲ್ಲವೇ ದೀಪ ಆರಿಸಿ ಕಿಟಕಿಗೆ ಬನ್ನಿ.

ಬಟ್ಟೆಯ ಮೇಲೆ ಮಾತ್ರ ನೀರಿನ ಅಲೆಯ ಹಾಗೆ ಬಣ್ಣದ ಗೆರೆ ಬಂದಿದ್ದರೆ ಕಾರಣ ಬೇರೆ. ಸಣ್ಣ ಹೆಣಿಗೆಯ ಸಾಲುಗಳೂ ಕ್ಯಾಮೆರಾ ಸೆನ್ಸರಿನ ಚುಕ್ಕಿಗಳ ಸಾಲುಗಳೂ ಒಂದರ ಮೇಲೊಂದು ಕೂತಾಗ ಹೀಗಾಗುತ್ತದೆ. ಎರಡು ಸೊಳ್ಳೆ ಪರದೆ ಒಟ್ಟಿಗೆ ಹಿಡಿದರೆ ಅಲೆ ಕಾಣುತ್ತದಲ್ಲ, ಅದೇ. ಅರ್ಧ ಅಡಿ ಹಿಂದೆಯೋ ಮುಂದೆಯೋ ಸರಿಯಿರಿ, ಇಲ್ಲಾ ಬಟ್ಟೆಯನ್ನು ಸ್ವಲ್ಪ ತಿರುಗಿಸಿ.

"ಆಕಾರ ಸರಿ ಇಲ್ಲ"

ಮೊದಲು ಟೇಪ್ ತೆಗೆದುಕೊಂಡು ಬಟ್ಟೆಯನ್ನೇ ಅಳೆಯಿರಿ. ಎರಡು ತೋಳೂ ಒಂದೇ ಉದ್ದ ಇದ್ದು ಫೋಟೋದಲ್ಲಿ ಒಂದು ದೊಡ್ಡದಾಗಿ ಕಂಡರೆ ನೀವು ತೀರಾ ಹತ್ತಿರ ನಿಂತಿದ್ದೀರಿ. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಹತ್ತಿರ ಇದ್ದದ್ದನ್ನು ಹಿಗ್ಗಿಸಿ, ದೂರದ್ದನ್ನು ಕುಗ್ಗಿಸಿ ತೋರಿಸುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ 2ಎಕ್ಸ್ ಹಾಕಿದರೆ ಅರ್ಧ ತೊಂದರೆ ಕಳೆಯುತ್ತದೆ. ನೆಲಕ್ಕೆ ಹಾಸಿ ಮೇಲಿಂದ ತೆಗೆಯುವಾಗ ಫೋನು ವಾಲಿದರೆ ಕತ್ತು ಚಿಕ್ಕದಾಗಿ, ಕೆಳಗಿನ ಬಾರ್ಡರ್ ಅಗಲವಾಗಿ ಬರುತ್ತದೆ. ಗ್ರಿಡ್ ಗೆರೆಗಳನ್ನು ಹಾಕಿಕೊಂಡು ಬಾರ್ಡರನ್ನು ಗೆರೆಗೆ ಸರಿಹೊಂದಿಸಿ.

ಅಳತೆಯೇ ವ್ಯತ್ಯಾಸ ಇದ್ದರೆ, ಅಂಚು ಸುರುಳಿ ಸುತ್ತಿದ್ದರೆ ಕ್ಯಾಮೆರಾ ಬದಿಗಿಡಿ. ಬರೀ ಸೀದಾ ಮುಖದ ಹೆಣಿಗೆಯಲ್ಲಿ ಪಕ್ಕದ ಅಂಚುಗಳು ಹಿಂದಕ್ಕೂ, ಮೇಲೆ ಕೆಳಗಿನ ಅಂಚುಗಳು ಮುಂದಕ್ಕೂ ಸುತ್ತಿಕೊಳ್ಳುವುದು ಅದರ ಸ್ವಭಾವ. ಅಸಲಿ ಉಣ್ಣೆಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಅಳತೆಗೆ ಸರಿಯಾಗಿ ಪಿನ್ ಮಾಡಿ ನೆರಳಿನಲ್ಲಿ ಒಣಗಿಸಿ. ನಮ್ಮಲ್ಲಿ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಉಲ್ಲನ್ ಅಕ್ರಿಲಿಕ್. ಅದು ನೀರಿಗೆ ಬಗ್ಗುವುದಿಲ್ಲ, ಹಬೆ ಬೇಕು. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸದೆ, ಎರಡು ಬೆರಳು ಮೇಲೆ ಹಿಡಿದು ಹಬೆ ಮಾತ್ರ ಬಿಡಿ. ತಾಗಿದರೆ ದಾರ ಕರಗಿ ಜೋಲುಬೀಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಆತುರಪಡಬೇಡಿ, ಮೊದಲು ತುಣುಕಿನ ಮೇಲೆ ಮಾಡಿ ನೋಡಿ.

ಹ್ಯಾಂಗರಿಗೆ ಹಾಕಿದಾಗ ಭುಜದಲ್ಲಿ ಕೊಂಬು ಎದ್ದರೆ ಹ್ಯಾಂಗರಿಗೆ ಹಳೇ ಟವೆಲ್ ಸುತ್ತಿ. ಭಾರದ ಸ್ವೆಟರನ್ನು ತೂಗುಹಾಕಲೇಬೇಡಿ, ಹಿಗ್ಗುತ್ತದೆ. ತೋಳಿನೊಳಗೆ ಸಡಿಲವಾಗಿ ಸುತ್ತಿದ ಬಟ್ಟೆ ತೂರಿಸಿ ಮಲಗಿಸಿದರೆ ಮೈ ತುಂಬಿದ ಹಾಗೆ ಕಾಣುತ್ತದೆ. ಬಟ್ಟೆಗೆ ಅಂಟಿದ ಕೂದಲು, ಧೂಳನ್ನು ಸೆಲೋಟೇಪಿನಲ್ಲಿ ಎತ್ತಿ.

"ನನ್ನ ಫೋನಲ್ಲಿ ಚೆನ್ನಾಗಿತ್ತು, ಕಳಿಸಿದ ಮೇಲೆ ಕೆಟ್ಟಿತು"

ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಹೆಣಿಗೆಯಂಥ ಸಣ್ಣ ವಿವರ ಅದರಲ್ಲಿ ಮೊದಲು ಹೋಗುತ್ತದೆ. ಎಚ್‌ಡಿ ಒತ್ತಿ ಕಳಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ನಿಮಗೇ ವಾಪಸ್ ಬಂದ ಫೋಟೋವನ್ನು ಮತ್ತೆ ಮುಂದಕ್ಕೆ ಕಳಿಸಬೇಡಿ, ಯಾವಾಗಲೂ ಗ್ಯಾಲರಿಯ ಮೂಲ ಫೋಟೋದಿಂದಲೇ ಕಳಿಸಿ.

ಪ್ರತಿ ಸ್ವೆಟರಿಗೆ ನಾನೀಗ ನಾಲ್ಕು ಫೋಟೋ ಕಳಿಸುತ್ತೇನೆ: ಪೂರ್ತಿ ಮುಂಭಾಗ, ಹಿಂಭಾಗ, ಬಾರ್ಡರಿನ ಹತ್ತಿರದ ನೋಟ, ಮತ್ತೊಂದು ಆ ಮೂರು ಪಟ್ಟಿಯ ತುಣುಕನ್ನು ಪಕ್ಕದಲ್ಲಿಟ್ಟು ತೆಗೆದದ್ದು. "ಆ ಬೂದು ಪಟ್ಟಿ ನಿಮ್ಮ ಪರದೆಯಲ್ಲಿ ಬೂದಾಗಿಯೇ ಕಾಣ್ತಿದೆಯಾ?" ಅಂತ ಮೊದಲು ಕೇಳುತ್ತೇನೆ. ಹೌದು ಅಂದರೆ ಮಾತ್ರ ಬಣ್ಣದ ಮಾತು ಮುಂದುವರಿಸುತ್ತೇನೆ.